ದೇವಯ್ಯ ಕಿಟಕಿ ಮುಚ್ಚಿ ಕೇಳಿದ್ದು

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ನಂಜನಗೂಡಿನ ಒಂದು ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ರಜೆ ಅರ್ಜಿಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ಒಬ್ಬನೇ ಸೋದರಮಾವನಿಗೆ ಒಂದೇ ವರ್ಷದಲ್ಲಿ ಎರಡು ಸಲ ತಿಥಿ ಮಾಡಿದ ಅಧ್ಯಾಪಕರನ್ನು ಹಿಡಿದವನು ನಾನು. ಹೀಗಿರುವಾಗ ದೇವಯ್ಯನ ಮನೆಯ ಕಿಟಕಿ ಭಾನುವಾರ ಮಧ್ಯಾಹ್ನ ಅಂಥ ಸೆಕೆಯಲ್ಲೂ ಮುಚ್ಚಿರುತ್ತದೆ ಎಂದು ತಿಳಿದರೆ ಸುಮ್ಮನಿರುತ್ತೇನೆಯೇ?

ಹೋಗಿ ಗೋಡೆಗೆ ಕಿವಿ ಕೊಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನಮ್ಮ ಬೀದಿಯ ಸಂಘಕ್ಕೆ ಕಾರ್ಯದರ್ಶಿ ನಾನು. ಒಳಗಿಂದ ಎದೆಗೆ ಗುದ್ದುವಂಥ ಒಂದು ಸದ್ದು, ಅದರ ಹಿಂದೆಯೇ ಚರ್ಮದ ಸದ್ದು ಬರುತ್ತಿತ್ತು. ಚರ್ಮದ ಸದ್ದು ಯಾವುದೆಂದು ನಮ್ಮ ಬೀದಿಯಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದರಲ್ಲೇನು ತಪ್ಪು ಎಂದು ಕೇಳಬಹುದು. ತಾಂಡವಪುರದ ಆಚೆಗಿನ ನಮ್ಮೂರಿನಲ್ಲಿ, ನಮ್ಮ ಬೀದಿಯ ಮಟ್ಟಿಗೆ, 1999ರಿಂದ ತಮಟೆ ಇಲ್ಲ. ಅದಕ್ಕೆ ಮುಂಚೆ ಮೇಲಿನ ಬೀದಿಯಲ್ಲಿ ಯಾರು ಸತ್ತರೂ ನಮ್ಮವರು ಹೋಗಿ ಬಾರಿಸಬೇಕಿತ್ತು. ಹೆಣ ಎತ್ತುವವರೆಗೆ ಬಿಸಿಲಲ್ಲಿ ನಿಂತು ಬಾರಿಸಿ, ಕೊನೆಗೆ ಹಿತ್ತಿಲಲ್ಲಿ ಕೂತು ಹಾಕಿದ್ದನ್ನು ಉಂಡು ಬರಬೇಕಿತ್ತು. ಆ ವರ್ಷ ನಾವು ಹುಡುಗರೆಲ್ಲ ಸೇರಿ, ಇನ್ನು ಯಾರ ಮನೆ ಮುಂದೆಯೂ ಬಾರಿಸುವುದಿಲ್ಲ, ತಮಟೆಯನ್ನೇ ಮುಟ್ಟುವುದಿಲ್ಲ ಎಂದು ಬುದ್ಧವಂದನೆ ಹೇಳಿ ಪ್ರಮಾಣ ಮಾಡಿದೆವು. ಹನ್ನೊಂದು ತಮಟೆಗಳನ್ನು ಬಾಬಾಸಾಹೇಬರ ಫೋಟೋ ಮುಂದೆ ಒಟ್ಟಿ ಬೆಂಕಿ ಇಟ್ಟೆವು. ಮೊದಲನೆಯದು ನನ್ನ ಅಪ್ಪನದು. ಹಾಕಿದವನು ನಾನೇ. ಪ್ರಮಾಣ ಮುರಿದವನು ಸಂಘದಿಂದ ಹೊರಗೆ, ಅವನ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಯಾರೂ ಹೋಗುವಂತಿಲ್ಲ ಎಂದು ಅವತ್ತೇ ಬರೆದು ಎಲ್ಲರಿಂದ ಸಹಿ ಹಾಕಿಸಿದೆ.

ದೇವಯ್ಯನಿಗೆ ಆಗ ಇಪ್ಪತ್ತೊಂಬತ್ತು. ಸೋಮನಾಥಪುರದ ಕಡೆಯವರೂ ಹೇಳಿ ಕಳಿಸಿ ಕರೆಸಿಕೊಳ್ಳುತ್ತಿದ್ದ ಕೈ ಅವನದು. ತನ್ನ ತಮಟೆಯನ್ನು ಒಂದು ಮಾತೂ ಆಡದೆ ಬೆಂಕಿಗೆ ಹಾಕಿ, ನಮ್ಮ ಸಂಘದ ಭವನದ ಹಿಂದೆ ಹೋಗಿ ಕೂತುಬಿಟ್ಟ. ನನಗೆ ಅವನ ಮೇಲೆ ಅನುಮಾನ ಶುರುವಾದದ್ದು ಅವತ್ತೇ. ಬೈಯಲಿಲ್ಲ, ಅಳಲಿಲ್ಲ. ಅಷ್ಟು ಸುಲಭವಾಗಿ ಬಿಟ್ಟವನು ನಿಜವಾಗಿ ಬಿಟ್ಟಿರುತ್ತಾನೆಯೇ?

ಆಮೇಲೆ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮದುವೆಯಾದ, ಮಗಳು ಪವಿತ್ರಾ ಮೈಸೂರಿನಲ್ಲಿ ನರ್ಸ್ ಆದಳು. ಯಾರ ತಂಟೆಗೂ ಹೋಗದ ಮನುಷ್ಯ. ಬೀದಿಯಲ್ಲಿ ಎದುರಾದರೆ ನಕ್ಕು ಮುಂದೆ ಹೋಗುತ್ತಾನೆ. ನಗುವವರ ಬಗ್ಗೆಯೂ ನನ್ನದೊಂದು ಅಭಿಪ್ರಾಯವಿದೆ, ಇರಲಿ.

ಹೋದ ಕಾರ್ತೀಕದಲ್ಲಿ ಮೇಲಿನ ಬೀದಿಯ ಹಿರಿಯರೊಬ್ಬರು ತೀರಿಕೊಂಡರು. ಎಲ್ಲಿಂದಲೋ ತಮಟೆಯವರನ್ನು ಕರೆಸಿದ್ದರು. ಅವತ್ತು ದೇವಯ್ಯ ಊರಲ್ಲಿರಲಿಲ್ಲ, ಅವರನ್ನು ಗೊತ್ತು ಮಾಡಿ ಕಳಿಸಿದವನು ಇವನೇ ಯಾಕಿರಬಾರದು ಎನಿಸಿತು. ಕಾರ್ಖಾನೆಯ ಗೇಟಿನಲ್ಲಿ ನನಗೆ ಗೊತ್ತಿರುವವನೊಬ್ಬನಿದ್ದಾನೆ, ಕೇಳಿದೆ. ಅವತ್ತು ದೇವಯ್ಯ ರಜೆ. ಅಷ್ಟೇ ಅಲ್ಲ, ಎರಡು ವಾರಕ್ಕೊಂದು ಶನಿವಾರ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋಗುತ್ತಾನಂತೆ. ಅವನ ಹೆಂಡತಿ ಇಂದ್ರಾಣಿಯನ್ನು ನಲ್ಲಿಯ ಹತ್ತಿರ ಸಿಕ್ಕಾಗ ವಿಚಾರಿಸಿದೆ. ನರಸೀಪುರದಲ್ಲಿ ಅವರಿಗೇನು ಕೆಲಸವೋ ನನಗೇನು ಗೊತ್ತು ಎಂದು ಕೊಡ ಎತ್ತಿಕೊಂಡು ಹೊರಟುಹೋದಳು. ಗೊತ್ತಿಲ್ಲದವರು ಅಷ್ಟು ಬೇಗ ಕೊಡ ಎತ್ತುವುದಿಲ್ಲ.

ಮುಂದಿನ ಶನಿವಾರ ನಾನೂ ರಜೆ ಹಾಕಿದೆ. ಕಾರಣ, ತಲೆನೋವು. ಅವನು ಹತ್ತಿದ ಬಸ್ಸಿಗೇ ಹಿಂದಿನ ಬಾಗಿಲಿನಿಂದ ಹತ್ತಿ, ಕಬ್ಬಿನ ಹೊರೆಯಷ್ಟು ಅಗಲದ ಒಬ್ಬ ಹೆಂಗಸಿನ ಹಿಂದೆ ಕೂತೆ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ನೇರವಾಗಿ ಒಂದು ಮೊಬೈಲ್ ಅಂಗಡಿಗೆ ಹೋದ. ನಾನು ಎದುರಿನ ಬೇಕರಿಯಲ್ಲಿ ಬನ್ನು ತೆಗೆದುಕೊಂಡು ನಿಂತೆ. ದೇವಯ್ಯ ಸ್ಟೂಲಿನ ಮೇಲೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ಕಣ್ಣು ಮುಚ್ಚಿದ. ಹಾಗೇ ಒಂದು ಗಂಟೆ. ನಡುನಡುವೆ ಬೇಡ ಎಂದು ಕೈಯಾಡಿಸುತ್ತಿದ್ದ, ಅಂಗಡಿಯವನು ಬೇರೆ ಏನನ್ನೋ ಹಾಕುತ್ತಿದ್ದ. ಒಂದು ಸಲ ಮಾತ್ರ ದೇವಯ್ಯನ ಎರಡು ಬೆರಳು ಗಾಜಿನ ಮೇಲೆ ಆಡಿದವು. ಹೊಸ ತಮಟೆ ತಂಡ ಕಟ್ಟುತ್ತಿದ್ದಾನೆ, ಇದು ಅದರ ಅಭ್ಯಾಸ ಎಂದು ನನಗೆ ಖಾತ್ರಿಯಾಯಿತು.

ಅವನು ಹೋದ ಮೇಲೆ ಅಂಗಡಿಗೆ ನುಗ್ಗಿದೆ. ಅಂಗಡಿಯವನ ಹೆಸರು ಚಿಕ್ಕಸ್ವಾಮಿ. ನನ್ನ ಪ್ಯಾಂಟು, ಬೂಟು, ಜೇಬಿನ ಪೆನ್ನು ನೋಡಿದವನೇ ಪೊಲೀಸಿನವನು ಎಂದುಕೊಂಡ. ನಾನೂ ಅಲ್ಲ ಎನ್ನಲಿಲ್ಲ. ಈಗ ಹೋದವನಿಗೆ ಏನು ಕೊಟ್ಟೆ ಎಂದು ಕೇಳಿದೆ. ಮೆಮೊರಿ ಕಾರ್ಡಿಗೆ ಹಾಡು ತುಂಬಿದ್ದು ಅಷ್ಟೇ ಎಂದ. ಯಾವ ಹಾಡು? ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ.

ಪರದೆಯ ಮೇಲೆ ಸಾಲುಸಾಲಾಗಿ ಆಲ್ಬಂಗಳ ಮುಖಚಿತ್ರ. ಕಪ್ಪು ಜನ, ಸೊಂಟದವರೆಗೆ ಜಡೆಗಟ್ಟಿದ ಕೂದಲು, ಕೆಂಪು ಹಳದಿ ಹಸಿರು ಬಣ್ಣ, ಒಂದರಲ್ಲಿ ಮುಖ ಕಾಣದಷ್ಟು ಹೊಗೆ. ಇನ್ನೊಂದರಲ್ಲಿ ಒಂದು ಸೊಪ್ಪಿನ ಚಿತ್ರ. ಯಾವ ಸೊಪ್ಪೆಂದು ನನಗೆ ಗೊತ್ತು, ಕಾಲೇಜಿನಲ್ಲಿ ಕೆಲಸ ಮಾಡುವವನು.

“ರೆಗೇ ಅಂತೆ ಸಾ, ಜಮೈಕಾ ದೇಸುದ್ದು,” ಎಂದ ಚಿಕ್ಕಸ್ವಾಮಿ. “ನಂಗೂ ಡೌಟೇ. ಈ ವಯಸ್ನಲ್ಲಿ ಯಾರ್ ಸಾ ಇದ್ನ ಕೇಳ್ತಾರೆ?”

ಅನುಮಾನ ಪಡುವ ಇನ್ನೊಬ್ಬ ಸಿಕ್ಕಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ತಮಟೆ ಒಂದು, ಗಾಂಜಾ ಎರಡು. ಎರಡರಲ್ಲಿ ಒಂದಂತೂ ನಿಜವಿರಲೇಬೇಕು.

ಮರುದಿನ ಸಂಘದ ಸಭೆಯ ನೋಟೀಸು ಕೊಡುವ ನೆಪದಲ್ಲಿ ಅವನ ಮನೆಗೆ ಹೋದೆ. ಬಾಗಿಲು ತೆಗೆದ. ಮೂಗಿಗೆ ಒಲೆಯ ಮೇಲೆ ಕುದಿಯುತ್ತಿದ್ದ ಉಪ್ಪೆಸರಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ತಮಟೆಯೂ ಕಾಣಲಿಲ್ಲ. ಹಾಸಿಗೆಯ ಮೇಲೆ ಒಂದು ಸಣ್ಣ ಸ್ಪೀಕರ್, ಪಕ್ಕದಲ್ಲಿ ದಪ್ಪನೆಯ ಪುಸ್ತಕ. ತೆಗೆದು ನೋಡಿದೆ. ಕಾರ್ಖಾನೆಯ ಹಳೆಯ ಬಾಯ್ಲರ್ ಲಾಗ್‌ಬುಕ್. ತಾರೀಖು, ಒತ್ತಡ, ಶಾಖ, ಷರಾ ಎಂದು ಅಚ್ಚಾದ ಕಾಲಂಗಳು. ತಾರೀಖಿನ ಜಾಗದಲ್ಲಿ ಆಲ್ಬಂ ಬಂದ ಇಸವಿ ಬರೆದಿದ್ದ. 1975, 77, 78. ಒತ್ತಡದ ಕೆಳಗೆ ಆರು ಕೆಜಿ, ಏಳು ಕೆಜಿ ಎಂದೆಲ್ಲ ಇತ್ತು. ಗಾಂಜಾದ ತೂಕ ಎಂದುಕೊಂಡೆ, ದೇವರಾಣೆಗೂ.

ಅವನೇ ವಿವರಿಸಿದ. ಒತ್ತಡ ಎಂದರೆ ಬೇಸ್ ಗಿಟಾರಿನದು, ಬಾಯ್ಲರಿನ ಒತ್ತಡದ ಹಾಗೆ ಕೆಜಿ ಲೆಕ್ಕದಲ್ಲಿ. ಬಾಯ್ಲರಿನಲ್ಲಿ ಹಬೆ ತಳ್ಳುವ ಹಾಗೆ ಅದು ಕೆಳಗಿನಿಂದ ತಳ್ಳಬೇಕು, ಆರು ಕೆಜಿಗಿಂತ ಕಡಿಮೆಯಿದ್ದರೆ ಆ ಆಲ್ಬಂ ಬೇಡ. ಶಾಖ ಡ್ರಮ್ಮಿನದು. ಷರಾದಲ್ಲಿ ಕೆಲವಕ್ಕೆ ‘ಪೂರ್ತಿ ಕೇಳತಕ್ಕದ್ದು’, ಕೆಲವಕ್ಕೆ ‘ಎರಡೇ ಹಾಡು’, ಬಹಳಷ್ಟಕ್ಕೆ ‘ಬೀಚಿನಲ್ಲಿ ಕುಣಿಯುವವರಿಗೆ’ ಎಂದು ಬರೆದಿದ್ದ. ಫೋನಿನಲ್ಲಿ ಕೇಳಿದರೆ ಒಂದು ಹಾಡಾದ ಮೇಲೆ ಅದು ತನಗೆ ತೋಚಿದ್ದನ್ನು ಹಾಕುತ್ತದೆ, ಆಲ್ಬಂ ಎಂದರೆ ಮಾಡಿದವರು ಇಟ್ಟ ಕ್ರಮದಲ್ಲೇ ಕೇಳಬೇಕು, ಅದಕ್ಕೇ ಕಾರ್ಡು ಎಂದ. ನರಸೀಪುರವೇ ಯಾಕೆ? ನಂಜನಗೂಡಿನ ಅಂಗಡಿಗಳಲ್ಲಿ ನಕ್ಕರಂತೆ. ಚಿಕ್ಕಸ್ವಾಮಿ ಅನುಮಾನ ಪಟ್ಟರೂ ಕೂತು ಕೇಳಲು ಬಿಡುತ್ತಾನೆ. ಕಾರ್ತೀಕದ ಆ ರಜೆಯೂ ಅಲ್ಲಿಗೇ. ಕಿಟಕಿ ಮುಚ್ಚಿದ್ದು ಮಾತ್ರ ನನಗೆ ಹೆದರಿ. ಇದನ್ನೂ ನಗುತ್ತಲೇ ಹೇಳಿದ.

ಇಂಗ್ಲಿಷೇ ಬರದ ನೀನು ಒಳ್ಳೆಯದು ಯಾವುದೆಂದು ಹೇಗೆ ಹುಡುಕುತ್ತೀಯ ಎಂದೆ.

“ಆಡೋರ ಎಸ್ರು ನೋಡ್ಬಾರ್ದು ಕಣೋ ಶಿವಮೂರ್ತಿ,” ಎಂದ. “ಬಾರ್ಸೋರ ಎಸ್ರು ನೋಡ್ಬೇಕು. ಹತ್ತು ಜನ ಆಡೋರ ಹಿಂದೆ ಅವ್ನೇ ಒಬ್ಬ ಬಾರ್ಸಿರ್ತಾನೆ. ಅವನ ಎಸ್ರು ಇಡ್ಕಂಡು ಹೋದ್ರೆ ದಾರಿ ತಪ್ಪಲ್ಲ.”

ಆಮೇಲೆ ಒಂದನ್ನು ಹಾಕಿದ. ಹಾಡುವವನ ದನಿಯನ್ನು ಅರ್ಧಕ್ಕೇ ತೆಗೆದುಬಿಟ್ಟು ಡ್ರಮ್ಮು, ಬೇಸು ಎರಡನ್ನೇ ಉಳಿಸಿದ್ದರು. ಮೊದಲ ಪೆಟ್ಟು ಬೀಳಬೇಕಾದ ಜಾಗ ಖಾಲಿ. ನಾನು ಕಾಯುತ್ತಿದ್ದೆ, ಅದು ಬೀಳುತ್ತಲೇ ಇರಲಿಲ್ಲ. ನನಗೆ ಸಿಟ್ಟು ಬಂತು. ಇದೆಲ್ಲ ನಿನಗೆ ಎಲ್ಲಿ ಸಿಕ್ಕಿತು, ನಿಜ ಹೇಳು ಎಂದು ದಬಾಯಿಸಿದೆ. ಅವನು ಸ್ಪೀಕರಿನ ಸದ್ದು ತಗ್ಗಿಸಿದ. ಎರಡು ವರ್ಷದ ಹಿಂದೆ ಫೋನಿನಲ್ಲಿ ತಮಟೆಯ ವಿಡಿಯೋ ಹುಡುಕಿದ್ದನಂತೆ. ಅದು ಮುಗಿದ ಮೇಲೆ ಫೋನು ತಾನಾಗಿಯೇ ಜಮೈಕಾದ ಗುಡ್ಡದ ಮುದುಕರು ಕೈಯಲ್ಲಿ ಡೋಲು ಬಾರಿಸುವುದನ್ನು ಹಾಕಿತಂತೆ.

ತಮಟೆ ಹುಡುಕಿದ್ದೆ ಎಂದು ಅವನ ಬಾಯಿಂದಲೇ ಬಂತಲ್ಲ, ನನಗೆ ಅಷ್ಟು ಸಾಕಾಗಿತ್ತು. ನೋಟೀಸಿನಲ್ಲಿ ಅವನ ಹೆಸರನ್ನು ಮೊದಲನೆಯ ವಿಷಯವಾಗಿ ಸೇರಿಸಿದೆ.

ಸಭೆಗೆ ನಲವತ್ತು ಜನ ಬಂದಿದ್ದರು. ಎಪ್ಪತ್ತಾರು ವರ್ಷದ ನನ್ನ ಅವ್ವ ಮಂಚಮ್ಮನೂ ಬಂದು ಕಂಬಕ್ಕೆ ಒರಗಿ ಕೂತಿದ್ದಳು. ನಾನು 1999ರ ಪ್ರಮಾಣವನ್ನು ಓದಿ, ದೇವಯ್ಯ ಪ್ರಮಾಣ ಮುರಿದಿದ್ದಾನೆ ಎನ್ನಲು ಕಾರಣಗಳಿವೆ, ಉತ್ತರ ಕೊಡಲಿ ಎಂದೆ. ಇಂದ್ರಾಣಿಯ ಮುಖ ಬಿಳುಚಿತ್ತು. ಹೊರಗೆ ಹಾಕಿದರೆ ನಾಳೆ ಪವಿತ್ರಾಳ ಮದುವೆಗೆ ಬೀದಿಯ ಒಬ್ಬರೂ ಬರುವ ಹಾಗಿಲ್ಲ.

ದೇವಯ್ಯ ಎದ್ದು ನಿಂತ. ಅಷ್ಟು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

“ನಾನು ಮುಟ್ಟಿಲ್ಲ. ಇಪ್ಪತ್ತಾರು ವರ್ಸ ಆಯ್ತು, ಕನಸ್ನಲ್ಲಿ ಬುಟ್ರೆ ಮುಟ್ಟಿಲ್ಲ. ಆ ಜನಾನೂ ನಮ್ಮಂಗೇ ಕಣ್ರಪ್ಪ. ಸಮುದ್ರದ ಮೇಲೆ ಅಡಗಲ್ಲಿ ತುಂಬ್ಕಂಡು ಬಂದು ಕಬ್ಬಿನ ಗದ್ದೆಲಿ ದುಡಿಸ್ಕಂಡ್ರಂತೆ, ಡೋಲು ಬಾರಿಸ್ಬಾರ್ದು ಅಂತ ಕಾನೂನು ಮಾಡಿದ್ರಂತೆ. ಪವಿತ್ರಾ ಓದಿ ಏಳಿದ್ಲು. ಅಲ್ಲೂ ಮೇಕೆ ಚರ್ಮನೇ, ಅವರೂ ಬೆಂಕಿಗೆ ಕಾಯಿಸ್ಕತಾರೆ. ಆದ್ರೆ ಅವರು ಸುಡ್ನಿಲ್ಲ. ದಣಿಗಳಿಗೆ ಬಾರ್ಸದ ಬುಟ್ಟು ಅವರವರಿಗೆ ಬಾರಿಸ್ಕಂಡ್ರು. ನಾವು ಯಾಕಪ್ಪ ಅಂಗೆ ಮಾಡ್ನಿಲ್ಲ?”

ಉತ್ತರ ಕೊಡಬೇಕಾದವನು ನಾನು. ಪ್ರಮಾಣದ ಹಾಳೆಯನ್ನು ಮಡಚಿ ಜೇಬಿಗಿಟ್ಟೆ. ಬೆಂಕಿ ಇಟ್ಟಿದ್ದು ತಪ್ಪು ಎಂದು ನಾನು ಈಗಲೂ ಹೇಳುವುದಿಲ್ಲ, ಅಪ್ಪ ಆ ಹಿತ್ತಿಲುಗಳಲ್ಲಿ ಕೂತಿದ್ದನ್ನು ಕಣ್ಣಾರೆ ಕಂಡವನು. ಆಗಿದ್ದು ಆಯಿತು, ಹನ್ನೊಂದೂ ಸುಟ್ಟು ಬೂದಿಯಾಗಿವೆ, ಈಗ ಚರ್ಚೆ ಯಾಕೆ ಎಂದೆ.

“ಅನ್ನೊಂದಲ್ಲ, ಬಾರ್ಸೋವು ಅತ್ತೇಯ ಸುಟ್ಟಿದ್ದು,” ಎಂದಳು ಅವ್ವ ಕೂತಲ್ಲಿಂದಲೇ.

ಎಲ್ಲರೂ ತಿರುಗಿದರು. ನನಗೆ ಅರ್ಥವಾಗಲಿಲ್ಲ.

“ನೀ ಬೆಂಕಿಗಾಕಿದ್ದು ನಿಮ್ಮಪ್ಪಂದಲ್ಲ ಕನಾ ಮೊಗ. ಪಕ್ಕದ ಚನ್ನಯ್ಯನ ಮನೇಲಿ ಅರಿದೋಗಿದ್ದದ್ದು ಒಂದಿತ್ತು, ಅದ ನಿನ್ನ ಕೈಗೆ ಕೊಟ್ಟೆ. ನಿಮ್ಮಪ್ಪಂದು ನಮ್ಮಟ್ಟದಲ್ಲೇ ಅದೆ, ಸೀರೆ ಸುತ್ತಿ ಮಡಗಿವ್ನಿ. ವರ್ಸ ವರ್ಸ ನೀನು ಸಂಘದ ಮೀಟಿಂಗ್ ಅಂತ ಇಲ್ಲಿಗೆ ಬಂದಾಗ ಬಿಸ್ಲಿಗಾಕ್ತೀನಿ.”

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಇಂದ್ರಾಣಿಯೂ. ನನ್ನ ಕಿವಿ ಬಿಸಿಯಾಯಿತು. ಬೀದಿಯ ಅರವತ್ತು ಮನೆಗಳ ಮೇಲೆ ಕಣ್ಣಿಟ್ಟಿದ್ದೆ, ನಾನು ಮಲಗುವ ಕೋಣೆಯ ಮೇಲೆ ಏನಿದೆ ಎಂದು ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ಸಿಟ್ಟು ಮಾಡಬೇಕೆಂದುಕೊಂಡೆ. ಬಂದದ್ದು ಸಿಟ್ಟಲ್ಲ. ಮೀಟಿಂಗು ನಿಲ್ಲಿಸಿ ಮನೆಗೆ ಓಡಿ ಏಣಿ ಹಾಕಿ ಹತ್ತಿದೆ.

ಹಸಿರು ಸೀರೆ ಬಿಚ್ಚಿದರೆ ಚರ್ಮ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಅಂಚಿನಲ್ಲಿ ಅಪ್ಪ ಹೆಬ್ಬೆರಳು ಊರುತ್ತಿದ್ದ ಜಾಗ ಸವೆದು ಹೊಳೆಯುತ್ತಿತ್ತು. ಅಲ್ಲೇ ಅಟ್ಟದ ಮೇಲೆ ಕೂತು ಅತ್ತೆ. ಅಪ್ಪ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ತಮಟೆಯನ್ನು ಭವನಕ್ಕೆ ತಂದು ದೇವಯ್ಯನ ಮುಂದೆ ಹಿಡಿದೆ. ಅವನು ಕೈ ಚಾಚಲಿಲ್ಲ, ನನ್ನನ್ನೇ ನೋಡುತ್ತಿದ್ದ. ಇಪ್ಪತ್ತಾರು ವರ್ಷ ನಾನು ಅವನನ್ನು ನೋಡಿದ್ದು ಹೇಗೋ ಹಾಗೆಯೇ, ಇದರಲ್ಲಿ ಏನೋ ಮೋಸವಿದೆ ಎಂಬಂತೆ.

“ಯಾರಿಗೆ ಬಾರಿಸ್ಲಿ?” ಎಂದು ಕೇಳಿದ.

“ನಮ್ಮವ್ವನಿಗೆ ಬಾರ್ಸು ದೇವಣ್ಣ,” ಎಂದೆ.