ಪಾಯಸಕ್ಕೆ ಅಡ್ಡ ಬಂದ ನಮ್ಮತ್ತೆ

ಗೆಳತಿಯರೇ, ಇವತ್ತು ಐಮಂಗಲದಲ್ಲಿ ನೆಂಟರ ಮನೆಯ ಗೃಹಪ್ರವೇಶದ ಊಟ. ಬಡಿಸುತ್ತಿದ್ದ ಮಾವನ ಅಕ್ಕ ನನ್ನ ಎಲೆಯ ಪಕ್ಕ ಪಾಯಸದ ಲೋಟ ಇಟ್ಟರು. ಬೇಡ ಎಂದೆ. ನಾನು ಹಾಲು, ಮೊಸರು ತಿಂದರೆ, ನನ್ನ ಎದೆಹಾಲು ಕುಡಿಯುವ ಐದು ತಿಂಗಳ ಮಗಳಿಗೆ ಮಲದಲ್ಲಿ ರಕ್ತ ಬರುತ್ತಿತ್ತು. ಡಾಕ್ಟರು ಹೇಳಿದ್ದಕ್ಕೆ ಎರಡು ತಿಂಗಳಿಂದ ತುಪ್ಪವನ್ನೂ ಮುಟ್ಟಿಲ್ಲ.

“ಹಾಲು ಕುಡೀದಿರೋ ಬಾಣಂತಿಗೆ ಎದೆಹಾಲು ಎಲ್ಲಿಂದ ಬರ್ತೈತೆ? ಸುಮ್ನೆ ಡಬ್ಬಿ ಹಾಲು ಹಾಕು” ಎಂದರು. ಪಂಕ್ತಿಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ನನಗೆ ಕಣ್ಣು ತುಂಬಿ ಬಂತು.

ಆ ಅತ್ತಿಗೆಗೆ ಎಂದೂ ಎದುರಾಡದ ನಮ್ಮತ್ತೆ, ಮಗುವನ್ನು ತಂದು ಅವರ ಕೈಗೇ ಕೊಟ್ಟರು.

“ಎತ್ತಿ ನೋಡ್ರಿ ಅತ್ಗೆಮ್ಮ, ಕೂಸು ಎಷ್ಟು ಭಾರ ಐತೆ! ಇದೆಲ್ಲ ನನ್ನ ಸೊಸೆ ಎದೆಹಾಲೇ. ಬಾಯಿ ಕಟ್ಟಿ ಮಗೀನ ಸಾಕ್ತಿದಾಳೆ ಅವ್ಳು.”

ಲೋಟವನ್ನು ನಮ್ಮತ್ತೆಯೇ ಪಕ್ಕಕ್ಕೆ ಸರಿಸಿದರು. ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತು, ಎರಡನೇ ಸಲ ಅನ್ನ ಸಾರು ಹಾಕಿಸಿಕೊಂಡೆ.

ಅಂದಹಾಗೆ, ನಮ್ಮತ್ತೆ ಎರಡು ಎಮ್ಮೆ ಸಾಕಿ ದಿನಾ ಡೈರಿಗೆ ಹಾಲು ಹಾಕುವವರು!