ಸ್ಕೇಟಿಂಗ್ ನಿಷೇಧಿಸಿದ ಸ್ಕೇಟಿಂಗ್ ಪಾರ್ಕು

ಕೂಡ್ಲಿಗಿ, ಕೊಟ್ಟೂರು ಸೀಮೆಯ ನಮ್ಮ ಊರಿನ ಹೆಸರು ಬೇಡ. ಇಲ್ಲಿ ಮನೆಗಳ ನಕ್ಷೆ ಬರೆದು ಬದುಕಿದವನು ನಾನು. ದೇವರ ಕೋಣೆ ಎಲ್ಲಿ, ಬಾಗಿಲು ಯಾವ ದಿಕ್ಕಿಗೆ, ಇಷ್ಟೇ ನನ್ನ ವಿದ್ಯೆ. ಒಂದು ದಿನ ನಮ್ಮ ವಾರ್ಡಿನ ಸದಸ್ಯ ಬಂದು, "ಕೆರಿ ಪಕ್ಕದ ಖಾಲಿ ಜಾಗದಾಗ ಹುಡುಗರಿಗೆ ಸ್ಕೇಟಿಂಗ್ ಪಾರ್ಕ್ ಮಾಡ್ಸಾಕತ್ತೀವಿ. ನಕ್ಷಿ ಹಾಕ್ರಿ" ಅಂದ.

"ಅದು ಹೆಂಗಿರತೈತ್ರಿ?"

"ನಕ್ಷಿ ಬರಿಯೋರು ನೀವು, ನನ್ನ ಕೇಳಿದ್ರ?" ಎಂದು ನಕ್ಕು, ಫೋನಿನಲ್ಲಿ ಯಾವುದೋ ದೇಶದ ಚಿತ್ರ ತೋರಿಸಿದ. ಹಿಂದೆ ಹಿಮ ಬಿದ್ದ ಗುಡ್ಡವಿತ್ತು.

ನಾನೂ ಅವನಿಗಿಂತ ಮೇಲಿನವನಲ್ಲ. ಆ ಚಿತ್ರ ನೋಡಿ ಎರಡು ಇಳಿಜಾರು ಬರೆದೆ. ಉದ್ಯಾನ ಸಮಿತಿಯ ಹಿರಿಯರಿಗೆ ಕಾರಂಜಿ ಬೇಕಾಗಿತ್ತು, ನಡುವೆ ಅದನ್ನೂ ಬರೆದೆ. ಆ ಸಮಿತಿಯ ಏಳು ಮಂದಿಯಲ್ಲಿ ಒಬ್ಬನಿಗೂ ಒಂದು ನಿಮಿಷ ಒಂಟಿಗಾಲಲ್ಲಿ ನಿಲ್ಲಲು ಬರುತ್ತಿರಲಿಲ್ಲ.

ನಕ್ಷೆಯನ್ನು ಜಾಗದಲ್ಲಿ ತೂಗುಹಾಕಿದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಆಫೀಸಿಗೆ ಬಂದಳು. ಊರ ಹೊರಗಿನ ಕುರಿ ಸಾಕುವ ಮನೆಯವಳು. ಕಂಕುಳಲ್ಲಿ ನಾಲ್ಕು ಗಾಲಿಯ ಸ್ಕೇಟಿಂಗ್ ಹಲಗೆ, ಲಾರಿ ಓಡಿಸುವ ಸೋದರಮಾವ ತಂದುಕೊಟ್ಟದ್ದು.

"ಸರ, ಕಾರಂಜಿ ನೀರು ಇಳಿಜಾರಿಗೆ ಬರತೈತಿ, ಗಾಲಿ ಜಾರತಾವ. ಮತ್ತ ಮ್ಯಾಲಿಂದ ಬಂದಾಕಿ ಎಲ್ಲಿಗೆ ಹೋಗ್ಬೇಕು? ನೀವು ಅಲ್ಲೇ ಗ್ವಾಡಿ ಹಾಕೀರಿ."

ನನಗೆ ಸಿಟ್ಟು ಬಂತು. "ಸಾಲಿಗೆ ಹೋಗವ್ವ."

"ಇವತ್ತು ಐತವಾರ್ರಿ ಸರ."

ಸಂಜೆ ತಂಬ್ರಹಳ್ಳಿ ಕಡೆಯ, ಇನ್ನೂ ವಾಹನ ಬಿಡದ ಹೊಸ ರಸ್ತೆಗೆ ಹೋದೆ; ಮಕ್ಕಳು ಹಲಗೆ ಓಡಿಸುವುದು ಅಲ್ಲೇ ಎಂದು ಕೇಳಿದ್ದೆ. ಅವಳು ಹೇಳಿದ್ದು ಸುಳ್ಳೆಂದು ನನಗೇ ತೋರಿಸಿಕೊಳ್ಳಬೇಕಿತ್ತು. ಅಲ್ಲಿ ಐದಾರು ಮಕ್ಕಳಿದ್ದರು. ಅವಳು ಮೊಣಕಾಲು ಬಗ್ಗಿಸಿ ಇಳುಕಲಲ್ಲಿ ಬಂದಳು, ಸೊಂಟ ತಿರುಗಿಸಿದಳು, ಅದೇ ವೇಗದಲ್ಲಿ ರಸ್ತೆಯ ಮುಂದಿನ ಏರು ಹತ್ತಿ ಮತ್ತೆ ಇಳಿದಳು. ಎಲ್ಲೂ ನಿಲ್ಲಲಿಲ್ಲ. ನಾನು ಬರೆದದ್ದು ಅಂಗನವಾಡಿಯ ಜಾರುಬಂಡಿ ಎಂದು ಅಲ್ಲೇ ತಿಳಿಯಿತು. ಮುಂದಿನ ಮೂರು ಭಾನುವಾರ ಟೇಪು, ಹಗ್ಗ ಹಿಡಿದು ಅವಳು ಹೇಳಿದಂತೆ ಅಳೆದೆ. ನಕ್ಷೆ ಹೊಸದಾಗಿ ಬರೆದೆ: ಕಾರಂಜಿ ದೂರದ ಮೂಲೆಗೆ, ನಡುವೆ ಬಟ್ಟಲಿನಂಥ ಬಾಗು, ನುಣುಪಾದ ಸಿಮೆಂಟು, ಎಲ್ಲಿಯೂ ಸಂದು ಇರಬಾರದು.

ಸಮಿತಿಯವರು ಅದನ್ನು ನೋಡಲು ಎರಡು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಸ್ವಾಗತ ಕಮಾನಿನಲ್ಲಿ ಯಾರ ಫೋಟೊ ಎಡಕ್ಕೆ, ಯಾರದು ಬಲಕ್ಕೆ ಎಂದು ಇಡೀ ಮಧ್ಯಾಹ್ನ ಜಗಳಾಡಿದರು. ಕೊನೆಗೆ ಬಟ್ಟೆ ಅಂಗಡಿಯ ಹಿರಿಯರೊಬ್ಬರು, "ಬರೇ ಸಿಮೆಂಟು ಅಂದ್ರ ಬಡವರ ಮನಿ ಇದ್ದಂಗ ಕಾಣತೈತ್ರಿ. ಟೈಲ್ಸ್ ಹಾಕ್ಸ್ರಿ, ಮಿಂಚ್ಬೇಕು" ಅಂದರು. ಎಲ್ಲರೂ ತಲೆಯಾಡಿಸಿದರು.

"ಟೈಲ್ಸಿನ ಸಂದಿನಾಗ ಗಾಲಿ ಸಿಗತಾವ್ರಿ" ಎಂದೆ.

"ಆ ಕುರಿಯವರ ಹುಡುಗಿ ಹೇಳ್ಯಾಳೇನು?" ಎಂದ ಸದಸ್ಯ. ಎಲ್ಲರೂ ನಕ್ಕರು. ಎರಡನೇ ಸಲ ನಾನು ಹೇಳಲಿಲ್ಲ. ಆ ಏಳು ಮಂದಿಯ ಮೇಲೆ ನನಗಿರುವ ತಿರಸ್ಕಾರದಲ್ಲಿ ದೊಡ್ಡ ಪಾಲು ಅಂದು ಬಾಯಿ ಮುಚ್ಚಿ ಚಹಾ ಕುಡಿದ ನನಗೇ ಸಲ್ಲಬೇಕು.

ಉದ್ಘಾಟನೆಯ ದಿನ ಸದಸ್ಯ ಹಾರ ಹಾಕಿಕೊಂಡು ಹಲಗೆಯ ಮೇಲೆ ನಿಂತ. ಇಬ್ಬರು ರಟ್ಟೆ ಹಿಡಿದಿದ್ದರು. ಫೋಟೊ ಆಯಿತು, ಎಲ್ಲರೂ ಉಪ್ಪಿಟ್ಟಿಗೆ ನಡೆದರು. ಆಮೇಲೆ ಹುಡುಗಿ ಮೇಲೆ ಹತ್ತಿ ಇಳಿದಳು. ಮೂರನೇ ಸಾಲಿನ ಟೈಲ್ಸಿಗೆ ಗಾಲಿ ಸಿಕ್ಕಿ ಹಲಗೆ ಅಲ್ಲೇ ನಿಂತಿತು, ಅವಳು ನಿಲ್ಲಲಿಲ್ಲ. ಮಣಿಕಟ್ಟು ಮುರಿಯಿತು. ಸ್ಕೂಟರಿನಲ್ಲಿ ನಾನೇ ಆಸ್ಪತ್ರೆಗೆ ಕರೆದೊಯ್ದೆ. ಅವಳ ಅವ್ವ ಓಡಿ ಬಂದು, "ಅದನ್ನ ಬರದೋರು ನೀವೇ ಏನ್ರಿ?" ಎಂದಳು. "ಹೌದವ್ವ" ಎಂದೆ. ಆಕೆ ಮತ್ತೆ ನನ್ನ ಕಡೆ ನೋಡಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು.

ವಾರದೊಳಗೆ ಸಮಿತಿಯವರು ಪಾರ್ಕಿನ ಬಾಗಿಲಲ್ಲಿ ಫಲಕ ನೆಟ್ಟರು: 'ಇಲ್ಲಿ ಸ್ಕೇಟಿಂಗ್ ನಿಷೇಧಿಸಲಾಗಿದೆ.' ಒಬ್ಬರಿಗೂ ಅದನ್ನು ಓದಿ ನಗು ಬರಲಿಲ್ಲ. ಯಾರೋ ಇಳಿಜಾರಿನ ಮೇಲೆ ಮೆಣಸಿನಕಾಯಿ ಒಣಹಾಕಿದರು. ಅವರನ್ನು ಮಾತ್ರ ನಾನು ಬುದ್ಧಿವಂತರೆನ್ನುತ್ತೇನೆ.

ಕೈಯ ಪಟ್ಟಿ ಬಿಚ್ಚಿದ ಮೇಲೆ ಹುಡುಗಿ ಮತ್ತೆ ಬಂದಳು. "ಆ ಟೈಲ್ಸ್ ಕಿತ್ತು ಹಾಕೋಣೇನ್ರಿ ಸರ?"

ನನಗೆ ಗೊತ್ತಿದ್ದ ಗೌಂಡಿಯನ್ನು ಕರೆದೆ. ಹಾಡುಹಗಲಲ್ಲೇ ಟೈಲ್ಸು ಒಡೆದೆವು. ಸದಸ್ಯ ಬೈಕಿನಲ್ಲಿ ಹಾದುಹೋದ, ಹಾರ್ನ್ ಹೊಡೆದು ಕೈ ಬೀಸಿದ. ಏನೋ ರಿಪೇರಿ ಅಂದುಕೊಂಡಿರಬೇಕು. ಬಟ್ಟಲಿನ ಬಾಗಿಗೆ ಸರಿಯಾಗಿ ಕೊಯ್ದ ಮರದ ಪಟ್ಟಿ ಹಿಡಿದು ಗೌಂಡಿ ಸಿಮೆಂಟು ಎಳೆದ, ಕರಣೆಯಿಂದ ಉಜ್ಜಿ ಉಜ್ಜಿ ನುಣುಪು ಮಾಡಿದ. ಹುಡುಗಿ ಕೈಯಾಡಿಸಿ, "ಇಲ್ಲಿ ಇನ್ನೊಂದು ಸಲ್ರಿ ಕಾಕಾ" ಎನ್ನುತ್ತಿದ್ದಳು. ಕಾರಂಜಿಯ ನಲ್ಲಿಯಿಂದಲೇ ಮೂರು ವಾರ ನೀರುಣಿಸಿದೆವು.

ಸಮಿತಿಗೆ ಇಂದಿಗೂ ವ್ಯತ್ಯಾಸ ತಿಳಿದಿಲ್ಲ; ಬಾಗಿಲಿನ ಫಲಕವೂ ಹಾಗೇ ನಿಂತಿದೆ. ಮೊನ್ನೆ ಸದಸ್ಯ ಹರಪನಹಳ್ಳಿಯ ನೆಂಟರನ್ನು ಕರೆತಂದು ಬಟ್ಟಲಿನ ನಟ್ಟನಡುವೆ ನಿಂತು, "ಇದನ್ನ ಹಿಂಗ ಮಾಡ್ಬೇಕು ಅಂತ ಮೊದಲಿಂದ ನನ್ನ ತಲ್ಯಾಗಿತ್ತು" ಎಂದು ಹೇಳುತ್ತಿದ್ದ. ಅಂಚಿನಿಂದ ಹುಡುಗಿ ಇಳಿದು ಬಂದಳು, ಹಿಂದೆ ಇನ್ನೂ ನಾಲ್ವರು.

"ಸರೀರಿ, ಅತ್ಲಾಗ ಸರೀರಿ!" ಎಂದು ಕೂಗಿದಳು.

ಪಂಚೆ ಎತ್ತಿಕೊಂಡು ಓಡಿದ.