ಬಾಗಿಲಿಗೆ ಹಿಡಿಸದ ಮಂಚ

ಮಗಳು ವುರ್ಯಾನಿ ಹುಟ್ಟಿದ ವಾರವೇ ಸರ್ವಿದಿ ಹಿತ್ತಲಲ್ಲಿ ಒಂದು ತೇಗದ ಸಸಿ ನೆಟ್ಟ. ಜಾವಾದ ಬ್ಲೋರಾ ಸೀಮೆಯಲ್ಲಿ ಅದೇನು ವಿಶೇಷವಲ್ಲ. ಹೆಣ್ಣು ಹುಟ್ಟಿದ ಮನೆಯಲ್ಲಿ ಒಂದು ತೇಗ ಏಳುತ್ತದೆ, ಮುಂದೆ ಅದೇ ಅವಳ ಮದುವೆಯ ಮಂಚವಾಗುತ್ತದೆ. ಆದರೆ ಸರ್ವಿದಿ ಬಡಗಿ. ಅದರಲ್ಲೂ ಕೆತ್ತನೆಯ ಬಡಗಿ. ಎಲ್ಲಕ್ಕಿಂತ ಹೆಚ್ಚಾಗಿ, ಹಾಗೆಂದು ದಿನಕ್ಕೊಮ್ಮೆ ಹೇಳಿಕೊಳ್ಳುವ ಬಡಗಿ.

ವುರ್ಯಾನಿಗೆ ವರ ಬಂದರೆ ಸರ್ವಿದಿ ಮೊದಲು ಹಿತ್ತಲಿಗೆ ಹೋಗಿ ಮರವನ್ನು ತಬ್ಬಿ ನೋಡುತ್ತಿದ್ದ. ಕೈಗೆ ಕೈ ತಾಗಿದರೆ ಮರ ಇನ್ನೂ ಸಣ್ಣದೆಂದು ವರನಿಗೆ ಟೀ ಕುಡಿಸಿ ಕಳಿಸುತ್ತಿದ್ದ. ಮದುವೆಯ ವಯಸ್ಸಿಗೆ ಬರಬೇಕಾದದ್ದು ಮಗಳೋ ಮರವೋ ಎಂದು ಊರವರು ಕೇಳುವಂತಾಯಿತು. ಕೊನೆಗೆ ಪ್ರನೋತೋ ಎಂಬ ಹುಡುಗ ಒಪ್ಪಿಗೆಯಾದ. ಆಮೇಲೆ ಬುಡದ ತೊಗಟೆ ಸುತ್ತ ಕೆತ್ತಿ, ಮರ ನಿಂತಲ್ಲೇ ಒಣಗಲೆಂದು ಬಿಟ್ಟರು. ಪ್ರನೋತೋ ಕೂಡ ಕಾಯುತ್ತ ಜೊತೆಯಲ್ಲೇ ಒಣಗಿದ.

ಮಂಚವನ್ನು ಯಾರೂ ನೋಡಬಾರದೆಂದು ಸರ್ವಿದಿ ತನ್ನ ಕೆಲಸದ ಕೊಟ್ಟಿಗೆ ಬಿಟ್ಟು ಮನೆಯ ಮುಂಕೋಣೆಯಲ್ಲೇ ಬಾಗಿಲು ಹಾಕಿಕೊಂಡು ಕಟ್ಟಿದ. ಮೊಳೆಯಿಲ್ಲ, ತಿರುಪಿಲ್ಲ, ಎಲ್ಲಾ ಮರದ ಗೂಟದ ಬಿಗಿ. ಏಳು ತಲೆಮಾರು ಕಳೆದರೂ ಬಿಚ್ಚಲಾಗದು ಎಂದು ಟೀ ಅಂಗಡಿಯಲ್ಲಿ ಸಾರಿದ್ದ. ಬಾಗಿಲ ಅಳತೆಯನ್ನೂ ಹಿಡಿದಿದ್ದ, ಅದರಲ್ಲಿ ತಪ್ಪಿರಲಿಲ್ಲ. ಅಳತೆ ಹಿಡಿದ ಮೇಲೆ ಹುಮ್ಮಸ್ಸು ಬಂದು ತಲೆಹಲಗೆಯ ಮೇಲೆ ಎರಡು ನವಿಲು ಕೂರಿಸಿದ. ನವಿಲಿಗೆ ಗರಿ ಬೇಡವೇ? ಗರಿ ಬಿಚ್ಚಿಸಿದ.

ಮದುವೆಯ ಹಿಂದಿನ ದಿನ, ಸಂಜೆಯ ನಮಾಜಿನೊಳಗೆ ಮಂಚ ಗಂಡಿನ ಮನೆ ಸೇರಬೇಕಿತ್ತು. ಬಾಗಿಲ ಬಳಿ ತಂದಾಗ ನವಿಲುಗಳು ಹೊರಗೆ ಹೋಗಲು ಒಪ್ಪಲಿಲ್ಲ. ಓರೆ ಮಾಡಿದರು, ಮಗುಚಿದರು, ಬುಡಮೇಲು ಮಾಡಿದರು. ಸರ್ವಿದಿ ಗರಗಸ ತೆಗೆದುಕೊಂಡ, ನವಿಲಿನ ಕುತ್ತಿಗೆಯ ಮೇಲಿಟ್ಟ, ಎಳೆಯಲು ಕೈ ಬರಲಿಲ್ಲ.

ವುರ್ಯಾನಿ ಗರಗಸ ಕಿತ್ತುಕೊಂಡಳು. "ನನ್ನ ಜೊತೆ ಬೆಳೆದ ಮರ ಅಪ್ಪಾ ಇದು. ಇದನ್ನ ಕುಯ್ದರೆ ನಾನು ಹೋಗೋದೇ ಇಲ್ಲ."

ಸರ್ವಿದಿಯ ಹೆಂಡತಿ ಸುಮಿರಾ ಸದ್ದಿಲ್ಲದೆ ಜಗಲಿಗೆ ಹೋಗಿ, ಆಪತ್ತಿಗೆ ಊರನ್ನು ಕರೆಯಲೆಂದು ತೂಗುಹಾಕಿದ್ದ ಮರದ ಡೊಳ್ಳು ಬಾರಿಸಿದಳು. ಬೆಂಕಿ ಬಿತ್ತೆಂದು ಊರೆಲ್ಲ ಕೊಡ ಹಿಡಿದು ಓಡಿ ಬಂತು. ಬೆಂಕಿಯಿಲ್ಲ, ನವಿಲು ಎಂದು ತಿಳಿದಾಗ ಕೊಡಗಳನ್ನು ಇಳಿಸಿ ನಗಲು ನಿಂತರು. ನಗಲು ಅವರಿಗೆ ಕಾರಣವಿತ್ತು. ಊರಲ್ಲಿ ಯಾರ ಮನೆ ಕಟ್ಟಿದರೂ, ಎತ್ತಿ ಬೇರೆ ಕಡೆ ಇಟ್ಟರೂ ಎಲ್ಲರೂ ಹೆಗಲು ಕೊಡುವುದು ವಾಡಿಕೆ. ತನ್ನ ಕೈ ಕೆತ್ತನೆಗೆ ಮೀಸಲೆಂದು ಸರ್ವಿದಿ ಒಮ್ಮೆಯೂ ಹೋದವನಲ್ಲ.

ಪಕ್ಕದ ಮನೆಯ ಮುದುಕ ನ್ಗಾದಿಮಿನ್ ಮಂಚದ ಸುತ್ತ ಒಂದು ಸುತ್ತು ಬಂದ. "ಸರ್ವಿದಿ, ನಿನ್ನ ಮಂಚ ಬಿಚ್ಚಲ್ಲ ಸರಿ. ನಿಮ್ಮ ತಾತ ಕಟ್ಟಿದ ಮನೆ ಬಿಚ್ಚುತ್ತೆ ಕಣೋ."

ನಿಜವೇ. ತಾತನ ಕಾಲದ ಕೆತ್ತನೆಯ ಮರದ ಮುಂಗೋಡೆ ಕಂಬಗಳಲ್ಲಿ ಕೊರೆದ ಸಂದಿನಲ್ಲಿ ಕೂತದ್ದು, ಅಷ್ಟೆ. ನಾಲ್ಕು ಗೂಟ ತಟ್ಟಿದರೆ ಬಾಗಿಲ ಸಮೇತ ಎತ್ತಿ ಹೊರಗಿಡಬಹುದು. ಇಟ್ಟರು. ಮಂಚ ಮಹಾರಾಜನಂತೆ ಬೀದಿಗೆ ಬಂತು. ಹಿಂದೆ ಸುಮಿರಾ ಸೋಯಾ ಕಾಳು ಹುದುಗಿಸಿ ಮಾಡಿದ ಟೆಂಪೆ ಬಜ್ಜಿಯ ಬುಟ್ಟಿಯೂ ಹೊರಟಿತು, ಮೆರವಣಿಗೆ ದೊಡ್ಡದಾಯಿತು.

ಗಂಡಿನ ಮನೆಯ ಮುಂದೆ ಮೆರವಣಿಗೆ ನಿಂತಿತು. ಅದು ಇಟ್ಟಿಗೆಯ ಹೊಸ ಮನೆ, ಸಿಮೆಂಟಿನ ಚೌಕಟ್ಟು. ಬಾಗಿಲು ಇನ್ನೂ ಒಂದು ಗೇಣು ಚಿಕ್ಕದು.

ಬೀಗಿತ್ತಿ ಕಾರ್ಸಿನಾ ಬಾಗಿಲಿಗೆ ಅಡ್ಡ ನಿಂತಳು. "ನಮ್ಮ ಗೋಡೆ ಒಡೀತೀವಿ ಅಂತ ಯಾರೂ ಬಾಯಿ ಬಿಡ್ಬೇಡಿ ಮತ್ತೆ."

ಮೋಡ ಕಟ್ಟಿತ್ತು. ಎಲ್ಲರೂ ಸರ್ವಿದಿಯನ್ನು ನೋಡಿದರು. ಅವನು ಮಗಳನ್ನು ನೋಡಿದ, ಅಂಗಳವನ್ನು ನೋಡಿದ, ಗಂಟಲು ಸರಿಮಾಡಿಕೊಂಡ.

"ನನ್ನ ಕೆಲಸದ ಕೊಟ್ಟಿಗೆ ಇದೆಯಲ್ಲ," ಅಂದ. "ನಾಲ್ಕು ತೇಗದ ಕಂಬ, ಮೇಲೊಂದು ಮಾಡು. ಹೆಂಚು ಇಳಿಸಿದರೆ ಹಗುರ. ಅದನ್ನೇ ಇಲ್ಲಿಗೆ ತರೋಣ. ನೀವು... ಸ್ವಲ್ಪ ಹೆಗಲು ಕೊಡ್ತೀರಾ?"

ಈ ಕೊನೆಯ ಮಾತು ಅವನ ಬಾಯಿಂದ ಹೊಸದಾಗಿ ಬಂದಿತ್ತು. "ಮುಂದಿನ ಕಂಬ ನಿನ್ನದೇ," ಅಂದ ನ್ಗಾದಿಮಿನ್.

ಬಿದಿರು ಕಟ್ಟಿದರು, ಹೆಗಲು ಕೊಟ್ಟರು, ಕೊಟ್ಟಿಗೆ ನೂರು ಕಾಲಿನ ಹುಳದಂತೆ ಗದ್ದೆಯ ಬದಿಯಲ್ಲಿ ನಡೆಯಿತು. ಎದುರು ಬಂದ ಬಾತುಕೋಳಿಗಳ ಹಿಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ನಡುದಾರಿಯಲ್ಲಿ ಯಾರೋ ಚಟಾಕಿ ಹಾರಿಸಿದ್ದಕ್ಕೆ ನಕ್ಕು ನಕ್ಕು ಕೊಟ್ಟಿಗೆ ಒಂದು ಕಡೆ ವಾಲಿತು. ಸರ್ವಿದಿಯ ಹೆಗಲು ಸುಲಿದಿತ್ತು. ಎಡಗಾಲು ಎತ್ತಿ ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಅವನೇ.

ಅಂಗಳದಲ್ಲಿಟ್ಟ ಮಂಚ ಒಳಗೆ ಬರುವಂತೆ ಕೊಟ್ಟಿಗೆಯನ್ನು ಇಳಿಸಿ, ಹೆಂಚು ಹೊದಿಸಿ, ಮೂರು ಕಡೆ ಬಿದಿರಿನ ತಟ್ಟಿ ಕಟ್ಟಿ, ಮುಂದಕ್ಕೆ, ಕೊಟ್ಟಿಗೆಯ ಹಿಂದೆಯೇ ಹೊತ್ತು ತಂದ ತಾತನ ಗೋಡೆಯನ್ನು ಬಾಗಿಲ ಸಮೇತ ಕೂರಿಸಿದಾಗ ಮಳೆಯ ಮೊದಲ ಹನಿ ಬಿತ್ತು. ವುರ್ಯಾನಿ ಒಳಗೆ ಹೋಗಿ ಬಾಗಿಲು ಹಾಕಿ ನೋಡಿದಳು. ಸದ್ದೇ ಆಗಲಿಲ್ಲ.

"ಕೇಳಿದಿರಾ?" ಸರ್ವಿದಿ ಎದೆಯುಬ್ಬಿಸಿದ. "ಕೆಲಸ ಅಂದ್ರೆ ಇದು." ಆಮೇಲೆ ಗೋಡೆಯನ್ನು ಸವರಿ, "ನಮ್ಮ ತಾತಂದು," ಅಂದ.

ಆ ಸಂಜೆ ಸುಮಿರಾ ಮುಂಗೋಡೆಯಿಲ್ಲದ ಮನೆಯಲ್ಲಿ ಗಂಡನ ಹೆಗಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಬೀದಿಯಲ್ಲಿ ಹೋಗುವವರೆಲ್ಲ ನಿಂತು, ಊಟ ಆಯ್ತಾ ಎಂದು ವಿಚಾರಿಸಿ, ಹೆಗಲಿಗೆ ಎಣ್ಣೆ ಎಲ್ಲೆಲ್ಲಿ ಸಾಲದೆಂದು ಹೇಳಿ ಹೋದರು.